ರೆಂಕ್ ದಡದಲ್ಲಿ ಒಂದು ಹೊರಸು

ದಿನ 1, ಜೂಬಾ

ಸೌತ್ ಸುಡಾನ್‌ಗೆ ಹೋಗ್ತಾ ಇದೀನಿ ಅಂತ ಅವ್ವಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ, "ಅಲ್ಲಿ ಏನ್ ತಿಂತಾರೋ?" ಜೋಳ ಅಂದೆ. "ಹಂಗಾರ ಹೋಗಿ ಬಾ" ಅಂದ್ಲು. ಯುದ್ಧ ಗಿದ್ಧ ಎಲ್ಲ ಅವಳ ಲೆಕ್ಕದಲ್ಲಿ ಆಮೇಲಿನ ಮಾತು.

ನಾನು ನೀರಿನ ಇಂಜಿನಿಯರು, ಊರು ರೋಣ ತಾಲ್ಲೂಕು, ಈಗ ನೈರೋಬಿಯಲ್ಲಿ ಒಂದು ನೆರವು ಸಂಸ್ಥೇಲಿ ಕೆಲಸ. 2024ರ ಡಿಸೆಂಬರ್ ಮೊದಲ ವಾರ ಸುಡಾನ್ ಗಡಿ ಹತ್ತಿರದ ರೆಂಕ್ ಅನ್ನೋ ಊರಿಗೆ ಹೋಗಿ ಅಲ್ಲಿನ ನೀರು ಶುದ್ಧ ಮಾಡೋ ಘಟಕ ನೋಡ್ಕೊಂಡು ಬಾ ಅಂತ ಕಳಿಸಿದ್ರು. ಅಕ್ಟೋಬರ್ 28ಕ್ಕೆ ರೆಂಕ್‌ನಲ್ಲಿ ಕಾಲರಾ ಇದೆ ಅಂತ ಅಲ್ಲಿನ ಸರ್ಕಾರನೇ ಘೋಷಿಸಿತ್ತು, ಅದಕ್ಕೇ ಈ ಅವಸರ.

ತುಂಬಾ ಜನ ಸುಡಾನ್, ಸೌತ್ ಸುಡಾನ್ ಎರಡೂ ಒಂದೇ ಅಂದ್ಕೊಂಡಿರ್ತಾರೆ ಅದಕ್ಕೆ ಸ್ವಲ್ಪ ಹೇಳಿಬಿಡ್ತೀನಿ. ದಶಕಗಟ್ಟಲೆ ಉತ್ತರದವರ ಜೊತೆ ಹೊಡೆದಾಡಿ 2011ರ ಜುಲೈ 9ಕ್ಕೆ ದಕ್ಷಿಣ ಬೇರೆ ದೇಶ ಆಯ್ತು. ಎರಡೂವರೆ ವರ್ಷ ಆಗೋದ್ರೊಳಗೆ, 2013ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅವರ ಹಿಂದಿನ ಉಪಾಧ್ಯಕ್ಷ ರಿಯಾಕ್ ಮಾಚಾರ್ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ರು, 2018ರಲ್ಲಿ ಒಪ್ಪಂದ ಅಂತ ಒಂದಾಯ್ತು. ಆ ಗಲಾಟೇಲಿ ದಕ್ಷಿಣದ ಲಕ್ಷಾಂತರ ಜನ ಓಡಿ ಹೋಗಿದ್ದು ಎಲ್ಲಿಗೆ ಅಂದ್ರೆ ವಾಪಸ್ ಉತ್ತರಕ್ಕೇ, ಸುಡಾನ್ ರಾಜಧಾನಿ ಖಾರ್ಟೂಮ್‌ಗೆ. ಈಗ 2023ರ ಏಪ್ರಿಲ್ 15ರಿಂದ ಅಲ್ಲಿ ಸೇನೆ ಮತ್ತು ಆರ್‌ಎಸ್‌ಎಫ್ ಅನ್ನೋ ಅರೆಸೇನೆ ನಡುವೆ ಯುದ್ಧ, ಅದೇ ಜನ ಮತ್ತೆ ಈ ಕಡೆ. ನಾನು ಹೋಗೋ ಹೊತ್ತಿಗೆ ಹಾಗೆ ಬಂದವರ ಲೆಕ್ಕ 9 ಲಕ್ಷ ದಾಟಿತ್ತು, ಜನವರೀಲಿ 10 ಲಕ್ಷ ಆಯ್ತು.

ರಾಜಧಾನಿ ಜೂಬಾ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ನೈಲ್ ಪಕ್ಕದಲ್ಲೇ ಹರಿಯುತ್ತೆ, ಊರಿನ ಹೆಚ್ಚಿನ ಜನ ಮಾತ್ರ ಟ್ಯಾಂಕರ್ ನೀರು ಕೊಂಡು ಕುಡೀತಾರೆ, ನಮ್ಮ ಗದಗ ಬೆಟಗೇರಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನೂರು ಡಾಲರ್ ಬದಲಾಯಿಸಿದ್ರೆ ಕೊಟ್ಟ ನೋಟಿನ ಕಟ್ಟು ಪ್ಯಾಂಟಿನ ಜೇಬಲ್ಲಿ ಹಿಡಿಸಲಿಲ್ಲ, ಚೀಲ ಬೇಕಾಯ್ತು.

ದಿನ 2, ಇನ್ನೂ ಜೂಬಾ

ರೆಂಕ್ ಫ್ಲೈಟ್ ಕ್ಯಾನ್ಸಲ್. ನೆರವು ಕೆಲಸದವರನ್ನ ಹೊತ್ತೊಯ್ಯೋ ವಿಶ್ವಸಂಸ್ಥೆಯ ವಿಮಾನಗಳು ಅವು, ಯಾಕೆ ಕ್ಯಾನ್ಸಲ್ ಅಂತ ಕೇಳೋ ಅಭ್ಯಾಸ ಯಾರೂ ಇಟ್ಕೊಂಡಿಲ್ಲ, ನಾಳೆ ಬಾ ಅಂದ್ರೆ ನಾಳೆ ಹೋಗೋದು.

ಇಡೀ ದಿನ ಹೋಟೆಲ್ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದೆ. ಅಲ್ಲಿ ಒಬ್ಬ ಚಹಾದಾಕೆ, ಇದ್ದಿಲ ಒಲೆ, ಏಳೆಂಟು ಡಬ್ಬಿ, ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳು. ಕೆಂಪು ಕರ್ಕದೆ ಕೊಟ್ಲು, ಹುಳಿಹುಳಿ, ಕುಡಿದು ಒಣಗಿದ ಹೂವು ಕೈಗೆ ತಗೊಂಡು ನೋಡಿದ್ರೆ ಇದು ನಮ್ಮ ಪುಂಡಿ ಜಾತಿದೇ! ನಾವು ಎಲೆ ಪಲ್ಯ ಮಾಡಿ ತಿಂತೀವಿ, ಅವರು ಹೂವು ಕುದಿಸಿ ಕುಡೀತಾರೆ ಅಷ್ಟೇ.

ಪಕ್ಕದಲ್ಲಿ ಕೂತಿದ್ದವರು ಶಾಲೆ ಮೇಷ್ಟ್ರು. ಸಂಬಳ ಆಗಿ ಎಷ್ಟು ತಿಂಗಳಾಯ್ತು ಅಂತ ಬೆರಳಲ್ಲಿ ಎಣಿಸೋಕೆ ಶುರು ಮಾಡಿ ಎರಡೂ ಕೈ ಮುಗಿದ ಮೇಲೆ ನಕ್ಕು ಸುಮ್ಮನಾದ್ರು. ಕಾರಣ ಇಷ್ಟು, ಈ ದೇಶಕ್ಕೆ ಹಣ ಬರೋದೇ ತೈಲದಿಂದ, ಆ ತೈಲ ಸಮುದ್ರ ಸೇರಬೇಕಂದ್ರೆ ಸುಡಾನ್ ಒಳಗಿನ ಪೈಪಿನಲ್ಲೇ ಹೋಗಬೇಕು, 2024ರ ಫೆಬ್ರವರೀಲಿ ಆ ಪೈಪು ಯುದ್ಧದ ಜಾಗದಲ್ಲಿ ಒಡೀತು, ಆಗ ರಿಪೇರಿಗೆ ಹೋಗೋ ಹಾಗಿರಲಿಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ರೆ ಇವರ ಒಲೆ ಆರಿಹೋಗುತ್ತೆ, ಹಾಗಿತ್ತು ಪರಿಸ್ಥಿತಿ. ಮೇಷ್ಟ್ರು ಈಗ ಸಂಜೆ ಹೊತ್ತು ಬೋಡಾ ಓಡಿಸ್ತಾರಂತೆ. ಬೋಡಾ ಅಂದ್ರೆ ಬೈಕ್ ಟ್ಯಾಕ್ಸಿ.

ದಿನ 3, ರೆಂಕ್

ಬೆಳಿಗ್ಗೆ ಏರ್‌ಪೋರ್ಟಲ್ಲಿ ಬ್ಯಾಗ್ ತೂಕ ಹಾಕಿದ್ರೆ ಮೂರು ಕೆಜಿ ಜಾಸ್ತಿ. ಸಣ್ಣ ವಿಮಾನ, ಮುಲಾಜಿಲ್ಲ. ಒಂದು ಜೊತೆ ಶೂ ತೆಗೆದೆ, ಎರಡು ಪುಸ್ತಕ ತೆಗೆದೆ, ಒಂದು ಜಾಕೆಟ್ ಮೈಮೇಲೇ ಹಾಕ್ಕೊಂಡೆ. ಅವ್ವ ಬಡಿದು ಕೊಟ್ಟ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾತ್ರ ಬಿಡಲಿಲ್ಲ, ಹಿಂದೆ ನಿಂತಿದ್ದ ಯುರೋಪಿನ ಡಾಕ್ಟರಮ್ಮ ರೊಟ್ಟಿ ಕಟ್ಟು ನೋಡಿ ಇದೇನು ಹಂಚಾ ಅಂತ ಕೇಳಿದ್ರು.

ಎರಡು ಗಂಟೆ ಮೇಲೆ ಹಾರಾಟ. ಕೆಳಗೆ ಸುದ್ದ್, ನೈಲ್ ನದಿ ದಾರಿ ಮರೆತವರ ಹಾಗೆ ಹರಡಿಕೊಂಡು ಬಿದ್ದಿರೋ ಜವುಗು, ಪ್ರಪಂಚದ ದೊಡ್ಡ ಜವುಗುಗಳಲ್ಲೊಂದು. ಅರಬ್ಬಿಯಲ್ಲಿ ಆ ಪದಕ್ಕೆ ತಡೆ ಅಂತಲೇ ಅರ್ಥವಂತೆ. ಕಿಟಕಿಗೆ ಮುಖ ಹಚ್ಚಿ ನೋಡೇ ನೋಡಿದೆ, ಬರೀ ಹಸಿರು, ನೀರು, ಮತ್ತೆ ಹಸಿರು. ಆಮೇಲೆ ಬಣ್ಣ ಬದಲಾಗ್ತಾ ಬಂತು, ಕಂದು, ಬೂದಿ, ಕೊನೆಗೆ ಕರೀ.

ಮಣ್ಣಿನ ರನ್‌ವೇ ಮೇಲೆ ಇಳಿದು ನಾಲ್ಕು ಹೆಜ್ಜೆ ಇಟ್ಟೆ ನೋಡಿ, ನಿಂತುಬಿಟ್ಟೆ. ಎರೆ ಮಣ್ಣು! ನಮ್ಮೂರ ಹೊಲದ ಹಂಗೇ ಕರ್ರಗೆ, ಮಳೆ ನಿಂತ ಮೇಲೆ ಕಾಲು ಸಿಗೋಷ್ಟು ಬಿರುಕು ಬಿಟ್ಕೊಂಡು ಬಿದ್ದಿದೆ. ಅಪ್ಪ ಇದ್ದಿದ್ರೆ ಒಂದು ಹೆಂಟೆ ಕೈಗೆ ತಗೊಂಡು ಪುಡಿ ಮಾಡಿ ಮೂಸಿ ನೋಡಿ ಎಕರೆಗೆ ಎಷ್ಟು ಜೋಳ ಬರುತ್ತೆ ಅಂತ ಹೇಳಿರೋರು. ಊರ ಸುತ್ತ ಜೋಳದ ಹೊಲಗಳೇ, ಟ್ರ್ಯಾಕ್ಟರ್ ಬೇಸಾಯ, ಸುಡಾನ್ ಕಾಲದಿಂದ ಬಂದಿದ್ದು. ಡ್ರೈವರ್ ಹೇಳಿದ, "ಬಾಷ್‌ಮುಹಂದಿಸ್, ಈಗ ಸರಿ, ಜುಲೈನಲ್ಲಿ ಬರಬೇಕಿತ್ತು ನೀವು." ಬಾಷ್‌ಮುಹಂದಿಸ್ ಅಂದ್ರೆ ಇಂಜಿನಿಯರ್ ಸಾಹೇಬ್ರೇ ಅಂತ. ಜುಲೈನಲ್ಲಿ ಏನಾಗುತ್ತೆ ಅಂತ ಅವನು ನನಗೆ ಹೇಳಬೇಕಾಗಿರಲಿಲ್ಲ, ಒಂದು ಮಳೆ ಬಿದ್ರೆ ಚಕ್ಕಡಿ ಸಿಕ್ಕಿಕೊಂಡು ಎತ್ತು ಬಿಚ್ಚಿ ಮನೆಗೆ ನಡ್ಕೊಂಡು ಬಂದ ಮನೆತನ ನಮ್ದು.

ಸಂಜೆ ಸಂಸ್ಥೆಗಳ ಮೀಟಿಂಗು. ಬಂದವರನ್ನ ಇಲ್ಲಿಂದ ಮುಂದೆ ಸಾಗಿಸೋದೇ ದೊಡ್ಡ ತಲೆನೋವು. ರೆಂಕ್‌ನಿಂದ ದಕ್ಷಿಣಕ್ಕೆ ಬಿಳಿ ನೈಲ್‌ನಲ್ಲಿ ಬಾರ್ಜ್ ದೋಣಿ, ಮಲಕಾಲ್ ಅನ್ನೋ ಊರು ಮುಟ್ಟೋಕೆ ಎರಡು ಮೂರು ದಿನ. ಒಬ್ರು ಹೇಳಿದ್ರು, ಜಾಗ ತಿನ್ನೋದು ಜನ ಅಲ್ಲ, ಸಾಮಾನು, ಜನ ಮಂಚ ಬಾಗಿಲು ಎಲ್ಲ ಹೊತ್ಕೊಂಡು ಬರ್ತಾರೆ, ಕಟ್ಟುನಿಟ್ಟು ಮಾಡಬೇಕು. ನಾನೂ ತಲೆ ಆಡಿಸಿದೆ. ಡೈರೀಲಿ ಬರ್ಕೊಂಡೂ ಬಿಟ್ಟಿದೀನಿ ನೋಡಿ, ಈಗ ತೆಗೆದು ಓದಿದ್ರೆ ನಗು ಬರುತ್ತೆ: "ಸಾಮಾನಿಗೆ ಮಿತಿ, ಒಳ್ಳೆ ಐಡಿಯಾ."

ದಿನ 4, ಟ್ರಾನ್ಸಿಟ್ ಸೆಂಟರ್

ಮೊದಲು ನೀರಿನ ಕೆಲಸ. ನೈಲ್ ನೀರು ಕೆಸರು ಕೆಸರು, ಪಂಪ್ ಹಚ್ಚಿ ಎಳೆದು ದೊಡ್ಡ ಟ್ಯಾಂಕಿಗೆ ಬಿಡೋದು, ಪಟಿಕ ಹಾಕಿ ಕಲಕೋದು (ಕ್ಷೌರದಂಗಡಿಲಿ ಗಡ್ಡ ಆದ್ಮೇಲೆ ಮುಖಕ್ಕೆ ಉಜ್ತಾರಲ್ಲ ಅದೇ ಪಟಿಕ), ಕೆಸರು ತಳಕ್ಕೆ ಕೂತ ಮೇಲೆ ತಿಳಿನೀರು ಬೇರೆ ಟ್ಯಾಂಕಿಗೆ, ಅಲ್ಲಿ ಕ್ಲೋರಿನ್, ಅಲ್ಲಿಂದ ನಲ್ಲಿಗಳಿಗೆ. ಇಷ್ಟೇ. ತಲೆಗೆ ದಿನಕ್ಕೆ 15 ಲೀಟರ್ ಅಂತ ಒಂದು ಅಳತೆ ಇದೆ, ಒಂದು ನಲ್ಲಿಗೆ 250 ಜನ ಅಂತ ಇನ್ನೊಂದು. ಆಫೀಸಲ್ಲಿ ಕೂತು ಎಕ್ಸೆಲ್ ಶೀಟಲ್ಲಿ ಇವೆಲ್ಲ ಸರಿಹೋಗುತ್ತೆ. ಇಲ್ಲಿ ನಿನ್ನೆ ರಾತ್ರಿ ಎಷ್ಟು ಟ್ರಕ್ ಬಂತು ಅನ್ನೋದ್ರ ಮೇಲೆ ಇವತ್ತಿನ ಭಾಗಾಕಾರ. ಆ ವಾರ ರೆಂಕ್ ಕೌಂಟಿಗೆ ದಿನಕ್ಕೆ 5 ಸಾವಿರಕ್ಕೂ ಹೆಚ್ಚು ಜನ ದಾಟಿ ಬರ್ತಾ ಇದ್ರು. ಮುಂದೆ ಹೋಗೋವರೆಗೆ ಜನ ತಂಗೋ ಎರಡು ಟ್ರಾನ್ಸಿಟ್ ಸೆಂಟರ್ ತುಂಬಿ ಹೊರಗಡೆ ಮರದ ಕೆಳಗೆ, ರಸ್ತೆ ಪಕ್ಕ, ಸೀರೆ ಥರದ ತೋಬ್ ಬಟ್ಟೇನ ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡ್ಕೊಂಡು ಕೂತವರೇ ಹೆಚ್ಚು.

ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ ಅಂತ ನೋಡೋಕೆ ನೀರಿಗೆ ಸಣ್ಣ ಮಾತ್ರೆ ಹಾಕ್ತೀವಿ, ಗುಲಾಬಿ ಬಣ್ಣ ಬಂದ್ರೆ ಇದೆ ಅಂತ. ನಲ್ಲಿಯಲ್ಲಿ ಚೆನ್ನಾಗೇ ಗುಲಾಬಿ. ಟೆಂಟ್ ಒಳಗೆ ಹೋಗಿ ಕ್ಯಾನಿನ ನೀರು ಪರೀಕ್ಷೆ ಮಾಡಿದ್ರೆ ಬಿಳೀ. ಐದು ಟೆಂಟ್‌ನಲ್ಲಿ ಮೂರರಲ್ಲಿ ಹಾಗೇ. ಒಬ್ಬಾಕೆ ನಕ್ಕು ಹೇಳಿದ್ಲು, ನಿಮ್ಮ ನೀರು ಆಸ್ಪತ್ರೆ ವಾಸನೆ ಬರುತ್ತೆ, ಚಹಾ ಕೆಡುತ್ತೆ, ಅದಕ್ಕೆ ಕುಡಿಯೋಕೆ ನದೀದೇ ತರ್ತೀವಿ, ನಿಮ್ಮದು ಬಟ್ಟೆಗೆ. ನಾನು ಮೂರು ದೇಶ ದಾಟಿ ಬಂದು ಕ್ಲೋರಿನ್ ಹಾಕಿಸ್ತಾ ಇದೀನಿ, ಬಟ್ಟೆ ಒಗೆಯೋಕೆ! ನಮ್ಮೂರಲ್ಲೂ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಅಜ್ಜಿ ನಲ್ಲಿ ನೀರು ಮುಟ್ತಿರಲಿಲ್ಲ, ಕೆರೆಗೇ ಹೋಗ್ತಿದ್ಲು, ಹಾಗಾಗಿ ಬೈಯೋಕೂ ಬಾಯಿ ಬರಲಿಲ್ಲ.

ಆ ಮಾತುಕತೆಗೆಲ್ಲ ಅನುವಾದ ಮಾಡಿದ್ದು ಒಬ್ಬ ಹುಡುಗ, ಇಪ್ಪತ್ತೆರಡು ಇರಬಹುದು, ಕೈ ತೊಳೆಯಿರಿ ನೀರು ಮುಚ್ಚಿಡಿ ಅಂತ ಟೆಂಟ್ ಟೆಂಟಿಗೆ ಹೇಳ್ಕೊಂಡು ಹೋಗೋ ಕೆಲಸ ಅವನದು. ಹುಟ್ಟಿದ್ದು ಖಾರ್ಟೂಮ್, ಓದ್ತಾ ಇದ್ದಿದ್ದು ಖಾರ್ಟೂಮ್, 2023ರವರೆಗೆ ಈ ದೇಶದ ಮಣ್ಣು ಕಂಡವನಲ್ಲ. ಕಾಗದದಲ್ಲಿ ಅವನು "ಮರಳಿ ಬಂದವನು". ಎಲ್ಲಿಗೆ ಮರಳಿದ್ದು ಮಾರಾಯ ಅಂತ ಅವನೇ ನಗ್ತಾನೆ. ಅವನ ಅರಬ್ಬಿ ಕೇಳಿ ಇಲ್ಲಿನ ಹುಡುಗರು ಜಲ್ಲಾಬಿ, ಅಂದ್ರೆ ಉತ್ತರದ ವ್ಯಾಪಾರಿ, ಅಂತ ಚುಡಾಯಿಸ್ತಾರಂತೆ. ಅಲ್ಲಿದ್ದಾಗ ದಕ್ಷಿಣದವನು ಅಂತ ಬೈತಿದ್ರು, ಇಲ್ಲಿ ಉತ್ತರದವನು ಅಂತಾರೆ, ನೀವೇನಂತೀರಿ ಅಂದ. ನಮ್ಮ ಮುಂಬೈಲಿ ಹುಟ್ಟಿದ ಹುಡುಗರು ರಜೆಗೆ ಊರಿಗೆ ಬಂದಾಗ ಇದೇ ಪಾಡು ಅಂತ ಹೇಳೋಕೆ ಹೋಗಿ ನಾಲಿಗೆ ಕಚ್ಕೊಂಡೆ. ಅವರು ರಜೆ ಮುಗಿದ ಮೇಲೆ ರೈಲು ಹತ್ತಿ ವಾಪಸ್ ಹೋಗ್ತಾರೆ.

ಇನ್ನೊಂದು ಬರೆಯಲೇಬೇಕು, ಪಾಯಿಖಾನೆ ವಿಷಯ, ಊಟ ಮಾಡ್ತಾ ಓದ್ತಾ ಇದ್ರೆ ಈ ಪ್ಯಾರಾ ಬಿಡಿ. ಎರೆ ಮಣ್ಣಲ್ಲಿ ಗುಂಡಿ ತೋಡಿದ್ರೆ ಬೇಸಿಗೇಲಿ ಗೋಡೆ ಬಿರಿಯುತ್ತೆ, ಮಳೇಲಿ ಉಬ್ಬಿ ಒಳಗೆ ಕುಸಿಯುತ್ತೆ, ನೀರು ಇಂಗೋದೇ ಇಲ್ಲ. ನವಲಗುಂದ ಕಡೆ ಮನೆ ಗೋಡೆ ಯಾಕೆ ಸೀಳುತ್ತೆ ಅಂತ ಗೊತ್ತಿದ್ದವರಿಗೆ ಇದು ಹೊಸದಲ್ಲ. ಒಳಗೆ ಡ್ರಮ್ಮೋ ಇಟ್ಟಿಗೆಯೋ ಕಟ್ಟಬೇಕು, ಇಲ್ಲಾ ನೆಲದ ಮೇಲೆ ಎತ್ತರಿಸಿ ಕಟ್ಟಿ ಕೆಳಗಿಂದ ಬಳಿದು ಸಾಗಿಸಬೇಕು, ಎರಡಕ್ಕೂ ದುಡ್ಡು. 20 ಜನಕ್ಕೆ ಒಂದು ಇರಬೇಕು ಅನ್ನೋದು ಪುಸ್ತಕದ ಮಾತು, ಇಲ್ಲಿ ಅದರ ಹತ್ತಿರಕ್ಕೂ ಬರಲ್ಲ. ಕಾಲರಾ ಯಾಕೆ ಬಂತು ಅಂತ ದೊಡ್ಡ ಸಂಶೋಧನೆ ಬೇಕಾಗಿಲ್ಲ. ನಾನು ವಾಪಸ್ ಬಂದು ಎರಡು ತಿಂಗಳಾಗೋ ಮುಂಚೆ ಅಮೆರಿಕ ತನ್ನ ವಿದೇಶಿ ನೆರವನ್ನ 90 ದಿನ ತಡೆಹಿಡೀತು, 2025ರ ಜನವರಿ 20ರ ಆದೇಶ, ನಾವು ಕಟ್ಟಬೇಕು ಅಂತ ಗುರುತು ಹಾಕಿ ಬಂದಿದ್ದ ಜಾಗಗಳಲ್ಲಿ ಬರೀ ಗೂಟ ಉಳೀತು.

ದಿನ 5, ಜೋಡಾ

ಗಡಿ ಜೋಡಾ ರೆಂಕ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಲ್ಯಾಂಡ್‌ಕ್ರೂಸರ್‌ನಲ್ಲಿ ಹೋದ್ವಿ, ಎದುರಿಂದ ಟ್ರಕ್, ಟ್ರ್ಯಾಕ್ಟರ್ ಟ್ರೇಲರ್, ಕತ್ತೆ ಗಾಡಿ, ನಡ್ಕೊಂಡು ಬರೋರು, ಧೂಳಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ.

ಗಡಿ ಅಂದ್ರೆ ದೊಡ್ಡ ಗೇಟು ಬೇಲಿ ಅಂದ್ಕೋಬೇಡಿ. ಒಂದಿಷ್ಟು ತಗಡಿನ ಶೆಡ್ಡು, ಬಾವುಟ, ಟಾರ್ಪಾಲು, ಹೆಸರು ಬರೆಯೋ ಮೇಜು, ಮಕ್ಕಳ ತೋಳಿನ ಸುತ್ತಳತೆ ನೋಡಿ ಅಪೌಷ್ಟಿಕತೆ ಇದೆಯಾ ಅಂತ ಗುರುತಿಸೋ ಬಣ್ಣದ ಪಟ್ಟಿ, ಲಸಿಕೆ ಬಾಕ್ಸು. ಪಟ್ಟಿ ಕೆಂಪಿಗೆ ಬಂದ ಮಗೂನ ತಾಯಿಗೆ ನರ್ಸು ಏನೋ ಹೇಳ್ತಾ ಇದ್ಲು, ತಾಯಿ ಕೇಳಿಸ್ಕೊಳ್ತಾ ಇರಲಿಲ್ಲ, ಹಿಂದೆ ಬಿಟ್ಟ ಟ್ರಕ್ ಕಡೆ ನೋಡ್ತಾ ಇದ್ಲು, ಅದರಲ್ಲಿ ಇನ್ನೊಂದು ಮಗು ಸಾಮಾನು ಕಾಯ್ತಾ ಕೂತಿತ್ತು.

ಎಲ್ಲಿಂದ ಬಂದ್ರಿ ಅಂದ್ರೆ ಕೆಲವರು ಸೆನ್ನಾರ್ ಅಂದ್ರು, ಕೆಲವರು ಕೋಸ್ತಿ, ಕೆಲವರು ಖಾರ್ಟೂಮ್ ಬಿಟ್ಟು ಒಂದೂವರೆ ವರ್ಷ ಊರೂರು ಸುತ್ತಿ ಈಗ ಬಂದವರು. ಒಬ್ಬ ಮುದುಕ ಪಶ್ಚಿಮ ಸುಡಾನಿನ ಡಾರ್ಫರ್‌ನ ಎಲ್ ಫಾಶರ್ ಊರಿನ ಹೆಸರು ಹೇಳಿದ, ಅವನ ಮಗ ಅಲ್ಲೇ ಉಳಿದಿದ್ದಾನಂತೆ, ಊರಿಗೆ ಆರ್‌ಎಸ್‌ಎಫ್ ಮುತ್ತಿಗೆ, ಫೋನ್ ಹತ್ತಲ್ಲ.

ಎಲ್ ಫಾಶರ್ ಅಂದ ತಕ್ಷಣ ನನಗೆ ಹಕ್ಕಿಪಿಕ್ಕಿ ಜನರ ನೆನಪಾಯ್ತು. ನಿಮಗೂ ನೆನಪಿರಬಹುದು, 2023ರ ಏಪ್ರಿಲ್‌ನಲ್ಲಿ, ನಮ್ಮಲ್ಲಿ ಎಲೆಕ್ಷನ್ ಭರಾಟೆ ಇದ್ದಾಗ, ಗಿಡಮೂಲಿಕೆ ಎಣ್ಣೆ ಮಾರೋಕೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿಗಳು ಅಲ್ಲಿ ಬಾಡಿಗೆ ಮನೇಲಿ ಸಿಕ್ಕಿಹಾಕ್ಕೊಂಡು ವಿಡಿಯೋ ಕಳಿಸಿದ್ರು, ಅದ್ರ ಮೇಲೆ ಟ್ವಿಟ್ಟರ್‌ನಲ್ಲಿ ದೊಡ್ಡವರ ಜಗಳವೂ ಆಯ್ತು. ಆಮೇಲೆ ಆಪರೇಷನ್ ಕಾವೇರಿ ಅಂತ ಹೆಸರಿಟ್ಟು ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನದಲ್ಲಿ ಜೆದ್ದಾಕ್ಕೆ ತಂದು ಅಲ್ಲಿಂದ ಊರಿಗೆ, ಒಟ್ಟು 3,800 ಚಿಲ್ಲರೆ ಭಾರತೀಯರು. ಆಗ ನಾನೂ ಆ ಊರಿನ ಹೆಸರು ಮೊದಲ ಸಲ ಕೇಳಿದ್ದು, ನಮ್ಮವರು ಬಂದ್ರಲ್ಲ ಅಂತ ಮರೆತೂ ಬಿಟ್ಟಿದ್ದೆ. ಮುದುಕನಿಗೆ ನಮ್ಮ ಕಡೆ ಜನ ನಿಮ್ಮೂರಲ್ಲಿ ಎಣ್ಣೆ ಮಾರ್ತಾ ಇದ್ರು ಅಂತ ಹೇಳಿಸಿದೆ. ಕೂದಲೆಣ್ಣೆಯಾ ಅಂತ ತನ್ನ ಬೋಳುತಲೆ ಸವರಿಕೊಂಡು ನಕ್ಕ. 2025ರ ಅಕ್ಟೋಬರ್ ಕೊನೇಲಿ ಎಲ್ ಫಾಶರ್ ಆರ್‌ಎಸ್‌ಎಫ್ ಕೈಗೆ ಬಿತ್ತು. ಆ ಸುದ್ದಿ ಓದಿದ ದಿನ ಆ ಮುದುಕನ ಫೋನು ನೆನಪಾಯ್ತು, ಹಳೇ ಕೀಪ್ಯಾಡ್ ಫೋನು, ಬ್ಯಾಟರಿ ಬೀಳಬಾರದು ಅಂತ ರಬ್ಬರ್ ಬ್ಯಾಂಡ್ ಹಾಕಿದ್ದ.

ದಿನ 6

ಭಾನುವಾರ. ಪ್ಲಾಸ್ಟಿಕ್ ಶೀಟಿನ ಕೆಳಗೆ ಪ್ರಾರ್ಥನೆ, ಡೊಳ್ಳು, ಕ್ರಿಸ್‌ಮಸ್‌ಗೆ ಹಾಡಿನ ಅಭ್ಯಾಸ. ನಾನು ಪಂಪ್ ರಿಪೇರಿ ಮಾಡಿಸ್ತಾ ಕೂತಿದ್ದೆ. ಮಧ್ಯಾಹ್ನ ಹುಡುಗನ ಟೆಂಟಲ್ಲಿ ಊಟ, ಕಿಸ್ರಾ ಅಂದ್ರೆ ಹುಳಿ ಬಂದ ಜೋಳದ ಹಿಟ್ಟಿನ ಪೇಪರ್ ದೋಸೆ, ಜೊತೆಗೆ ಒಣ ಬೆಂಡೆಕಾಯಿ ಪುಡಿಯ ಸಾರು. ನಾನು ರೊಟ್ಟಿ ಚಟ್ನಿ ಬಿಚ್ಚಿದೆ. ಹುಡುಗನ ತಾಯಿ ರೊಟ್ಟಿ ಮುರಿದು ವಾಸನೆ ನೋಡಿ "ದುರಾ!" ಅಂದ್ರು, ದುರಾ ಅಂದ್ರೆ ಜೋಳ. ಒಂದೇ ಕಾಳಿಗೆ ಇಷ್ಟು ಗಟ್ಟಿ ಯಾಕೆ ಮಾಡ್ತೀರಿ, ನಿಮ್ಮಲ್ಲಿ ಯಾರಿಗೂ ಹಲ್ಲು ಬೀಳಲ್ವಾ ಅಂತ ಕೇಳಿದ್ರು. ಆಮೇಲೆ ಮಾತು ಗಿರಣಿ ಕಡೆ ಹೋಯ್ತು, ರೇಷನ್ ಜೋಳ ಕಾಳಾಗೇ ಸಿಗುತ್ತೆ, ಬೀಸಿಸೋಕೆ ದುಡ್ಡಿಲ್ಲ, ಅದಕ್ಕೆ ಕಾಳಲ್ಲೇ ಒಂದು ಪಾಲು ಮಾರಿ ಗಿರಣಿ ಖರ್ಚು ತೆಗೀಬೇಕು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಪೂರ್ತಿ ಕಾಳು ಅವರು ತಿಂದ ಹಾಗೇ ಇರುತ್ತೆ.

ದಿನ 7, ದಡ

ಇದನ್ನ ಬರೆಯೋಕೇ ಇಷ್ಟೆಲ್ಲ ಬರೆದೆ ಅನ್ಸುತ್ತೆ.

ಬೆಳಿಗ್ಗೆ ಆರಕ್ಕೆ ನದಿ ದಡಕ್ಕೆ ಹೋದ್ವಿ, ಬಾರ್ಜ್ ಹತ್ತೋ ಜಾಗಕ್ಕೂ ನೀರಿನ ಟ್ಯಾಂಕ್ ಬೇಕು ಅಂತ ನೋಡೋಕೆ. ನೀರ ಮೇಲೆ ಅಂತರಗಂಗೆ ಗಡ್ಡೆ ಗಡ್ಡೆಯಾಗಿ ತೇಲ್ತಾ ಇತ್ತು, ತಂಪಿತ್ತು, ಅಷ್ಟೊತ್ತಿಗಾಗಲೇ ನೂರಾರು ಜನ. ಬಾರ್ಜ್ ಅಂದ್ರೆ ಚಪ್ಪಟೆ ಕಬ್ಬಿಣದ ದೋಣಿ, ಮೇಲೆ ಟಾರ್ಪಾಲು ನೆರಳು. ಪಟ್ಟಿ ನೋಡಿ ಹೆಸರು ಕೂಗ್ತಾರೆ, ತಲೆಗೆ ಇಷ್ಟು ಅಂತ ಗಂಟು ತೂಕ ಹಾಕ್ತಾರೆ, ಹತ್ತಿಸ್ತಾರೆ. ಉಳಿದ ಸಾಮಾನು ಇನ್ನೊಂದು ದೋಣೀಲಿ ಬರುತ್ತೆ ಅಂತ ಹೇಳ್ತಾರೆ, ಅದು ಯಾವಾಗ ಅಂತ ಕೇಳಿದ್ರೆ ಇನ್ಶಾಅಲ್ಲಾಹ್.

ದಡದ ಮೇಲೆ ಉಳಿದುಹೋದ ಸಾಮಾನಿನ ಗುಡ್ಡೆ ನೋಡಬೇಕಿತ್ತು ನೀವು. ತಗಡು, ಕಿಟಕಿ ಚೌಕಟ್ಟು, ಫ್ರಿಜ್ಜು, ಹೊಲಿಗೆ ಯಂತ್ರ, ಮದುವೆ ಫೋಟೋ, ಮತ್ತೆ ಮಂಚಗಳು, ಎಲ್ಲಿ ನೋಡಿದ್ರೂ ಮಂಚಗಳು. ಅವುಗಳ ಮಧ್ಯೆ ಒಂದು ಮಂಚ ನೋಡಿ ನನ್ನ ಕಾಲು ಅಲ್ಲೇ ನಿಂತ್ವು. ನಾಲ್ಕು ಕಡೆದ ಕಾಲು, ನಾಲ್ಕು ಗಳ, ನಡುವೆ ಹಗ್ಗದ ನೇಯ್ಗೆ. ಹೊರಸು. ನಮ್ಮ ಕಟ್ಟೆ ಮೇಲೆ ಮುತ್ಯಾ ಮಲಗ್ತಿದ್ದ ನುಲಿ ಹೊರಸು. ಅವರು ಅಂಗರೇಬ್ ಅಂತಾರೆ.

ಅದರ ಮೇಲೆ ಒಬ್ಬ ಅಜ್ಜಿ ಕೂತಿದ್ರು. ಅಲ್ಲಿ ಅಜ್ಜಿಗೆ ಹಬೂಬಾ ಅಂತಾರೆ. ಅವರ ಹೆಸರು ಕೂಗಿ ಆಗಿತ್ತು, ಸೊಸೆ ಮೊಮ್ಮಕ್ಕಳು ಹತ್ತಿ ಆಗಿತ್ತು, ಅಜ್ಜಿ ಏಳ್ತಾ ಇಲ್ಲ. ಮಂಚ ಬಿಟ್ಟು ಬನ್ನಿ ಅಂತ ಹುಡುಗ ಹೇಳಿದ, ಪಟ್ಟಿ ಹಿಡಿದವನು ಹೇಳಿದ, ಸೊಸೆ ದೋಣಿಯಿಂದಲೇ ಕೂಗಿದ್ಲು. ಅಜ್ಜಿ ಕೈಯಲ್ಲಿ ಬೇವಿನ ಕಡ್ಡಿ, ಹಲ್ಲು ಉಜ್ಜುತ್ತಾ ನದಿ ನೋಡ್ತಾ ಇದ್ರು ಅಷ್ಟೇ.

ನಾನು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಹುಡುಗನ ಕೈಲಿ ಕೇಳಿಸಿದೆ, ಹಬೂಬಾ, ಮಲಕಾಲ್‌ನಲ್ಲಿ ಚಾಪೆ ಕೊಡ್ತಾರೆ, ಇದನ್ನ ಯಾಕೆ ಇಷ್ಟು ಹಚ್ಕೊಂಡಿದೀರಿ. ಅಜ್ಜಿ ನನ್ನ ಮುಖ ನೋಡಿ, ಇವನು ಯಾವತ್ತಾದ್ರೂ ಮಳೇಲಿ ಚಾಪೆ ಮೇಲೆ ಮಲಗಿದಾನಾ ಅಂತ ಹುಡುಗನ್ನ ಕೇಳಿದ್ರು. ನೆಲದಲ್ಲಿ ನೀರು ಬರುತ್ತೆ, ಹಾವು ಬರುತ್ತೆ, ಚೇಳು ಬರುತ್ತೆ, ಮಕ್ಕಳನ್ನ ಎಲ್ಲಿ ಮಲಗಿಸಲಿ? ಅಷ್ಟೇ ಅಲ್ಲ, ಹುಷಾರಿಲ್ಲದವರನ್ನ ಆಸ್ಪತ್ರೆಗೆ ಹೇಗೆ ಹೊರ್ತೀರಿ, ಚಾಪೇಲಿ ಹೊರ್ತೀರಾ? 2014ರಲ್ಲಿ ಮಲಕಾಲ್ ಸುಟ್ಟಾಗ ಬರೀ ಕೈಯಲ್ಲಿ ಓಡಿದೆ, ಖಾರ್ಟೂಮ್‌ನಲ್ಲಿ ಮೂರು ವರ್ಷ ನೆಲದ ಮೇಲೆ ಮಲಗಿ ಚಹಾ ಮಾರಿ ಇದನ್ನ ಕೊಂಡೆ. ನನ್ನ ಗಂಡ ಇದ್ರ ಮೇಲೆ ಸತ್ತ, ಇದ್ರ ಮೇಲೇ ಹೊತ್ಕೊಂಡು ಹೋದ್ರು, ಮಣ್ಣು ಮಾಡಿ ಮಂಚ ವಾಪಸ್ ತಂದು ಕೊಟ್ರು. ಈಗ ನಾನು ಸತ್ರೆ ಯಾವುದ್ರ ಮೇಲೆ ಹೊರ್ತಾರೆ? ನಿಮ್ಮ ಟಾರ್ಪಾಲ್ ಮೇಲಾ?

ಇದನ್ನೆಲ್ಲ ಅಳ್ತಾ ಹೇಳಲಿಲ್ಲ, ಸಂತೇಲಿ ಚೌಕಾಸಿ ಮಾಡೋರ ಧಾಟಿ. ಹುಡುಗ ಅನುವಾದ ಮಾಡ್ತಾ ಮಾಡ್ತಾ ಮಧ್ಯದಲ್ಲಿ ನಿಲ್ಲಿಸಿದ, ಉಳಿದಿದ್ದು ನನಗೇ ಅರ್ಥ ಆಯ್ತು.

ಪಟ್ಟಿ ಹಿಡಿದವನದೂ ತಪ್ಪಲ್ಲ. ಅವನು ನನ್ನನ್ನ ಪಕ್ಕಕ್ಕೆ ಕರೆದು, ಒಂದು ಮಂಚ ಬಿಟ್ರೆ ನೂರು ಮಂಚ ಎದ್ದು ಬರುತ್ತೆ, ಹತ್ತು ಜನ ಕೆಳಗೆ ಉಳೀತಾರೆ, ಯಾವ ಹತ್ತು ಜನ ಅಂತ ನೀವೇ ಹೇಳಿ ಅಂದ. ನನ್ನ ಹತ್ರ ಉತ್ತರ ಇರಲಿಲ್ಲ.

ಆಗ ನನಗೆ ಹೊಳೆದಿದ್ದು ಬರೀ ಊರಿನ ಬುದ್ಧಿ. ನಮ್ಮಲ್ಲಿ ಬಾಗಿಲು ಸಣ್ಣದಾಗಿದ್ರೆ ಹೊರಸು ಹೆಂಗೆ ಒಳಗೆ ಒಯ್ತಾರೆ? ನುಲಿ ಬಿಚ್ಚಿ ಗಳ ಕಳಚಿ ಒಯ್ತಾರೆ. ಅಜ್ಜಿಗೆ ಕೈಸನ್ನೆ ಮಾಡಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಎದ್ದು ನಿಂತ್ರು, ಹಗ್ಗ ಕತ್ತರಿಸಬೇಡ ಅಂತ ಬೆರಳು ತೋರಿಸಿ ಎಚ್ಚರಿಕೆ ಕೊಟ್ರು. ನಾನು, ಹುಡುಗ, ಎಲ್ಲಿಂದಲೋ ಬಂದ ಇನ್ನೊಬ್ಬ, ಮೂವರೂ ಕೂತು ಗಂಟು ಬಿಚ್ಚಿದ್ವಿ. ಮುಕ್ಕಾಲು ಗಂಟೆ ಹಿಡೀತು, ಒಂದು ಕಡೆ ಹಗ್ಗ ಲಡ್ಡಾಗಿ ಮೂರು ತುಂಡಾಯ್ತು, ಅಜ್ಜಿ ಬೈದ್ರು, ಯಾವ ಭಾಷೇಲಿ ಬೈದ್ರೋ ಗೊತ್ತಿಲ್ಲ, ಅರಬ್ಬಿ ಅಂತೂ ಅಲ್ಲ. ಕಲ್ಲಿಂದ ಬಡಿದು ಗಳ ಕಳಚಿದ್ವಿ. ಎಂಟು ಕಟ್ಟಿಗೆ ಒಂದು ಕಟ್ಟು, ಹಗ್ಗ ಒಂದು ಸಿಂಬಿ. ತಕ್ಕಡಿ ಮೇಲೆ ಇಟ್ರೆ ಅಜ್ಜಿ ಪಾಲಿನ ತೂಕಕ್ಕಿಂತ ಇನ್ನೂ ಜಾಸ್ತಿ. ಅಜ್ಜಿ ತಮ್ಮ ಬಟ್ಟೆ ಗಂಟು ಬಿಚ್ಚಿ ಒಂದು ಕಂಬಳಿ, ಒಂದು ಪಾತ್ರೆ ತೆಗೆದು ಆ ಗುಡ್ಡೆ ಕಡೆ ಎಸೆದ್ರು. ಪಟ್ಟಿ ಹಿಡಿದವನು ತಕ್ಕಡಿ ಮುಳ್ಳು ನೋಡಲಿಲ್ಲ, ಪಟ್ಟಿ ನೋಡಿ ಗುರುತು ಹಾಕಿ ಹೋಗು ಹೋಗು ಅಂದ.

ಇದು ದೊಡ್ಡ ಸಾಧನೆ ಅಂತ ಬರೀತಿಲ್ಲ, ಯಾಕಂದ್ರೆ ನಮ್ಮನ್ನ ನೋಡಿ ಇನ್ನೂ ನಾಲ್ಕೈದು ಜನ ಮಂಚ ಬಿಚ್ಚೋಕೆ ಕೂತ್ರು, ಅವರ ಮಂಚ ಕಬ್ಬಿಣದ ವೆಲ್ಡಿಂಗ್ ಮಂಚ, ಅದನ್ನ ಹೆಂಗೆ ಬಿಚ್ತೀರಿ. ಒಬ್ಬ ನನ್ನ ಕಡೆ ನೋಡಿದ, ಸುಮ್ಮನೆ ನೋಡಿದ. ನಾನು ಟ್ಯಾಂಕ್ ಅಳತೆ ತಗೊಳ್ಳೋ ನೆಪದಲ್ಲಿ ಆಚೆ ಹೋದೆ.

ದಿನ 8, ಮಲಕಾಲ್

ದೋಣಿಗಿಂತ ಮೊದಲೇ ನಾನು ವಿಮಾನದಲ್ಲಿ ಮಲಕಾಲ್‌ನಲ್ಲಿದ್ದೆ. ಒಂದು ಕಾಲಕ್ಕೆ ದೇಶದ ಎರಡನೇ ದೊಡ್ಡ ಊರಂತೆ, ಯುದ್ಧದಲ್ಲಿ ಕೈಯಿಂದ ಕೈಗೆ ಹಲವು ಸಲ ಹೋಗಿ ಸುಟ್ಟ ಗೋಡೆಗಳು ಇನ್ನೂ ಹಾಗೇ ನಿಂತಿವೆ. 2013ರಲ್ಲಿ ವಿಶ್ವಸಂಸ್ಥೆ ಬೇಸ್ ಒಳಗೆ ಜೀವ ಉಳಿಸ್ಕೊಳ್ಳೋಕೆ ಓಡಿ ಬಂದವರ ಶಿಬಿರ ಹನ್ನೊಂದು ವರ್ಷ ಆದ್ರೂ ಅಲ್ಲೇ ಇದೆ. ಅಲ್ಲೂ ಪೂರ್ತಿ ಸುರಕ್ಷಿತ ಅಂತ ಇಲ್ಲ, 2016ರ ಫೆಬ್ರವರೀಲಿ ಶಿಬಿರದೊಳಗೇ ನುಗ್ಗಿ ಕೊಂದು ಬೆಂಕಿ ಇಟ್ಟಿದ್ರು.

ಮಲಕಾಲ್‌ನಲ್ಲಿ ಶಾಂತಿಪಡೆ ಅಂದ್ರೆ ಹೆಚ್ಚಿಗೆ ನಮ್ಮ ಭಾರತದ ಬೆಟಾಲಿಯನ್ನು, ಜೊತೆಗೆ ನಮ್ಮವರದೇ ಆಸ್ಪತ್ರೆ, ದನದ ಡಾಕ್ಟರುಗಳ ತಂಡ ಕೂಡ. ದನ ಅಂದ್ರೆ ಪ್ರಾಣ ಇಲ್ಲಿ, ಹಾಗಾಗಿ ಜನರಿಗೆ ಬಂದೂಕು ಹಿಡಿದವರಿಗಿಂತ ದನದ ಡಾಕ್ಟರೇ ಹತ್ತಿರ. ಗೇಟಲ್ಲಿ ಪಾಸ್ ನೋಡ್ತಾ ಇದ್ದ ಸೈನಿಕ ನನ್ನ ಪಾಸ್‌ಪೋರ್ಟ್ ಓದಿ ತಲೆ ಎತ್ತಿ, "ಏನ್ರಿ ಸರ, ಗದಗ ಏನ್ರಿ?" ಅಂದ. ಗೋಕಾಕ ಕಡೆ ಹುಡುಗ. ಅಲ್ಲೇ ನಿಂತು ಹತ್ತು ನಿಮಿಷ, ಮಳೆ ಹೆಂಗಾಗೇತಿ, ಬೆಳಿ ಹೆಂಗೈತಿ. ಉಳಿದಿದ್ದ ಎರಡು ರೊಟ್ಟಿ ಕೊಟ್ಟೆ. ಹಣೆಗೆ ಒತ್ತಿಕೊಂಡು ಜೇಬಲ್ಲಿ ಹಾಕ್ಕೊಂಡ, ಎರಡೂ ಮುರಿದ್ವು. 2025ರ ಮಾರ್ಚ್‌ನಲ್ಲಿ ಅದೇ ಅಪ್ಪರ್ ನೈಲ್ ರಾಜ್ಯದ ನಾಸಿರ್‌ನಲ್ಲಿ ಮತ್ತೆ ಕಾದಾಟ ಶುರುವಾಗಿ ಜೂಬಾದಲ್ಲಿ ಮಾಚಾರ್ ಗೃಹಬಂಧನ ಆದಾಗ, ಆ ಹುಡುಗನ ಪಾಳಿ ಮುಗಿದು ಊರಿಗೆ ಹೋಗಿರಲಿ ಅಂದ್ಕೊಂಡೆ.

ದಿನ 9, 10

ಜೂಬಾ, ರಿಪೋರ್ಟು, ನೈರೋಬಿ. ರಿಪೋರ್ಟಲ್ಲಿ ಎರಡು ಪಂಪು, ಕ್ಲೋರಿನ್, ದಡದಲ್ಲಿ ಒಂದು ಟ್ಯಾಂಕು, ಟೆಂಟಲ್ಲಿ ಬಿಳೀ ಬಂದ ಪರೀಕ್ಷೆಗಳ ಪಟ್ಟಿ, ಎತ್ತರದ ಪಾಯಿಖಾನೆ ಡ್ರಾಯಿಂಗು.

ರಾತ್ರಿ ಅವ್ವಗೆ ಫೋನ್ ಮಾಡಿ ಹೊರಸಿನ ಕತೆ ಹೇಳಿದೆ. ಪೂರ್ತಿ ಕೇಳಿ ಆದ್ಮೇಲೆ ಅವಳು, "ಹಗ್ಗ ಮೂರ್ ತುಂಡ್ ಆತು ಅಂದ್ಯಲ್ಲೋ, ಗಂಟ್ ಹಾಕಿ ನೇದ್ರ ಬೆನ್ನಿಗೆ ಒತ್ತತೈತಿ. ಅಲ್ಲಿ ಹಗ್ಗ ಸಿಗತೈತೇನು?" ಅಂದ್ಲು.

ಸಿಗುತ್ತೆ, ಮೀನಿನ ಬಲೆಯವರು ಮಾರ್ತಾರೆ, ನೈಲಾನ್ ಹಗ್ಗ ಅಂದೆ.

"ನೈಲಾನ್ ಜಾರತೈತಿ" ಅಂದ್ಲು.